ಅಟ್ಟದ ಮೇಲಿನ ಒಕ್ಕಲು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಇಲಿಗಳು ಕೂಡ ಅವನನ್ನು ಲೆಕ್ಕಕ್ಕಿಡುವುದಿಲ್ಲವೆಂಬುದು ಮಾತ್ರ ನನಗೆ ತಿಳಿದದ್ದು ಕಳೆದ ಸುಗ್ಗಿಯಲ್ಲಿ.

ನಮ್ಮದು ತೀರ್ಥಹಳ್ಳಿಯ ಕಡೆಯ ಒಂಟಿ ಮನೆ. ಮುಂದೆ ಗದ್ದೆ, ಹಿಂದೆ ಅಡಕೆಯ ತೋಟ, ಮಗ್ಗುಲಲ್ಲಿ ಕೊಟ್ಟಿಗೆ, ಮನೆಯ ಉದ್ದಕ್ಕೂ ಹಲಗೆಯ ಅಟ್ಟ. ಒಂದು ಕಾಲಕ್ಕೆ ಹೊತ್ತಿಗೆ ಹದಿನಾಲ್ಕು ಎಲೆ ಹಾಕುತ್ತಿದ್ದ ಆ ಮನೆಯಲ್ಲಿ ಈಗ ಉಳಿದಿರುವವಳು ಅಮ್ಮನೊಬ್ಬಳೇ. ಅಪ್ಪಯ್ಯ ತೀರಿಕೊಂಡು ನಾಲ್ಕು ವರ್ಷಗಳಾದವು. ಅಣ್ಣನಿಗೆ ಬೆಂಗಳೂರು, ನನಗೆ ಶಿವಮೊಗ್ಗೆ. “ನಮ್ಮ ಜೊತೆ ಬಂದುಬಿಡು” ಎಂದು ನಾವು, “ದೀಪ ಹಚ್ಚುವವರು ಯಾರು?” ಎಂದು ಅವಳು. ಈ ವಾದದಲ್ಲಿ ಇಂದಿನವರೆಗೂ ಗೆದ್ದಿರುವವಳು ಅವಳೇ.

ಕೊಯ್ಲು ಮುಗಿದ ವಾರದಲ್ಲಿ ಅಮ್ಮ ದೂರವಾಣಿಯಲ್ಲಿ ಮಾತನಾಡುತ್ತ, “ಇಲಿ ಸ್ವಲ್ಪ ಹೆಚ್ಚಾಗಿವೆ ಮಾರಾಯಾ” ಎಂದಳು. ಅಮ್ಮನ ‘ಸ್ವಲ್ಪ’ವನ್ನು ಹತ್ತರಿಂದ ಗುಣಿಸಬೇಕೆಂಬುದು ನಮ್ಮ ಮನೆಯ ಗಣಿತ. ಅಪ್ಪಯ್ಯ ಹಾಸಿಗೆ ಹಿಡಿದಾಗಲೂ ಅವಳು “ಸ್ವಲ್ಪ ಆಯಾಸವಂತೆ” ಎಂದೇ ಹೇಳಿದ್ದಳು. ಆಗ ಗುಣಿಸದೆ ತಡವಾಗಿ ಹೋದ ನೆನಪು ನನ್ನನ್ನು ಇಂದಿಗೂ ಚುಚ್ಚುತ್ತದೆ. ಆ ಶನಿವಾರವೇ ಬಸ್ಸು ಹತ್ತಿದೆ.

ರಾತ್ರಿ ದೀಪವಾರಿಸಿದ್ದೇ ತಡ, ತಲೆಯ ಮೇಲೆ ಜಾತ್ರೆ ನೆರೆಯಿತು. ಅಟ್ಟದ ಈ ತುದಿಯಿಂದ ಆ ತುದಿಗೆ ಯಾರೋ ಅಡಕೆ ಉರುಳಿಸುತ್ತಿದ್ದಾರೆ. ಇನ್ನಾರೋ ಹಲಗೆಗೆ ಗರಗಸ ಹಾಕುತ್ತಿದ್ದಾರೆ. ನಡುವೆ ಕೀಚುಕೀಚೆಂಬ ಸಂಸಾರ ಕಲಹ. ಮೂಷಕ ಎಂಬ ಶಬ್ದಕ್ಕೆ ಮೂಲ ಸಂಸ್ಕೃತದ ‘ಮುಷ್’ ಧಾತು, ಅದರ ಅರ್ಥ ಕದಿಯುವುದು ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅಂದು ಕತ್ತಲಲ್ಲಿ ಕುಳಿತು, ಧಾತುವನ್ನು ಹುಡುಕಿದ ವೈಯಾಕರಣನೂ ಇಂತಹುದೇ ಅಟ್ಟದ ಕೆಳಗೆ ಮಲಗಿದ್ದಿರಬೇಕೆಂದುಕೊಂಡೆ.

ಬೆಳಗ್ಗೆ ಏಣಿ ಹತ್ತಿ ನೋಡಿದಾಗ ನಗೆ ಮಾಯವಾಯಿತು. ಭತ್ತದ ಚೀಲಗಳು ತೂತಾಗಿದ್ದವು. ಮೂಲೆಯ ಮರದ ಪೆಟ್ಟಿಗೆಯಲ್ಲಿ ಅಪ್ಪಯ್ಯನ ದಿನಚರಿಗಳಿದ್ದವು: ಮಳೆ ಬಂದ ದಿನ, ಹಸು ಕರು ಹಾಕಿದ ದಿನ, ನನ್ನ ಎಂ.ಎ. ಫಲಿತಾಂಶ ಬಂದ ದಿನ, ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದಿಟ್ಟ ಪುಸ್ತಕಗಳು. ಅವುಗಳಲ್ಲಿ ಮೂರು ಪುಡಿಯಾಗಿ, ಆ ಪುಡಿಯ ಹಾಸಿಗೆಯ ಮೇಲೆ ಹುಟ್ಟಿ ಎರಡು ದಿನವೂ ಆಗದ ಕೆಂಪು ಮರಿಗಳು ಮಲಗಿದ್ದವು. ಅಮ್ಮ ಇದನ್ನು ನನಗೆ ಹೇಳಿಯೇ ಇರಲಿಲ್ಲ.

ಇಲಿಯ ವಂಶಾಭಿವೃದ್ಧಿಯ ಲೆಕ್ಕ ಭಯಂಕರವಾದುದು. ಮನೆಯ ಸಣ್ಣ ಇಲಿ ಗಬ್ಬವಾದ ಸುಮಾರು 20 ದಿನಗಳಲ್ಲಿ ಐದಾರು ಮರಿ ಹಾಕುತ್ತದೆ. ಆ ಮರಿಗಳು ಆರೇಳು ವಾರಗಳಲ್ಲಿ ತಾವೇ ತಾಯ್ತಂದೆಗಳಾಗಬಲ್ಲವು. ಗದ್ದೆಯಲ್ಲಿ ತೆನೆಯಿರುವವರೆಗೆ ಇಲಿಗಳಿಗೆ ಅಲ್ಲೇ ಔತಣ. ಕೊಯ್ಲಾಗಿ ಗದ್ದೆ ಬೋಳಾದೊಡನೆ ಅವು ಭತ್ತವನ್ನು ಹಿಂಬಾಲಿಸಿ ಮನೆಗೆ ಬರುತ್ತವೆ. ಆದರೆ ಕೊಯ್ಲು ಪ್ರತಿವರ್ಷವೂ ಆಗುತ್ತದೆ. ಈ ದಂಡು ಈ ವರ್ಷವೇ ಏಕೆ ಬಂದಿತು? ಉತ್ತರವನ್ನು ಆಚೆಮನೆಯ ಹಿರಿಯರು ಒಂದು ಪ್ರಶ್ನೆಯಲ್ಲೇ ಕೊಟ್ಟರು. “ನಿಮ್ಮ ಹುಲ್ಲಿನ ಬಣವೆಯಲ್ಲಿ ಒಂದು ಕೇರೆ ಇತ್ತಲ್ಲ ಮೇಷ್ಟ್ರೇ, ಏನಾಯಿತು?”

ಏನಾಯಿತೆಂದರೆ, ಹಿಂದಿನ ಮಳೆಗಾಲದಲ್ಲಿ ಅದನ್ನು ನಾನೇ ಹೊಡೆಸಿದ್ದೆ. ಒಂಟಿಯಾಗಿರುವ ಅಮ್ಮನ ಅಂಗಳದಲ್ಲಿ ಹಾವೇ ಎಂದು ಹೌಹಾರಿದ್ದೆ. ಕೇರೆಗೆ ವಿಷವಿಲ್ಲ, ಇಲಿಯೇ ಅದರ ಆಹಾರ ಎಂದು ಅಮ್ಮ ಬೇಡಿಕೊಂಡರೂ ವಿದ್ಯಾವಂತನಾದ ಮಗ ಕೇಳಲಿಲ್ಲ.

ಒಂದು ತಪ್ಪು ಮಾಡಿದವನು ಅಲ್ಲಿಗೇ ನಿಲ್ಲುವುದುಂಟೆ? ಪೇಟೆಯಿಂದ ನೀಲಿ ಬಣ್ಣದ ವಿಷದ ಬಿಲ್ಲೆಗಳನ್ನು ತಂದು ಅಟ್ಟದ ಮೂಲೆಮೂಲೆಯಲ್ಲಿರಿಸಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ‘ಕೆ’ ಜೀವಸತ್ವ ಕೆಲಸ ಮಾಡದಂತೆ ತಡೆಯುವ ವಿಷವದು. ತಿಂದ ಇಲಿ ಅಲ್ಲೇ ಬೀಳುವುದಿಲ್ಲ. ಒಳಗೊಳಗೇ ರಕ್ತ ಸೋರಿ ಮೂರು ನಾಲ್ಕು ದಿನಗಳ ಮೇಲೆ ಸಾಯುತ್ತದೆ. ಅದುವರೆಗೆ ಓಡಾಡುತ್ತಿರುತ್ತದೆ, ಮಂಕಾಗಿ, ಯಾರ ಕೈಗಾದರೂ ಸಿಕ್ಕುವಂತೆ. ನಮ್ಮ ಮನೆಯಲ್ಲಿ ಅದು ಸಿಕ್ಕಿದ್ದು ಚುಕ್ಕಿಗೆ.

ಚುಕ್ಕಿ ಅಮ್ಮನ ಬೆಕ್ಕು. ವಯಸ್ಸಾಗಿತ್ತು; ಚುರುಕಾದ ಇಲಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಮಂಕಾದ ಇಲಿಗಳು ಅದಕ್ಕೆ ಮುಪ್ಪಿನಲ್ಲಿ ದೊರೆತ ಹಬ್ಬದೂಟವಾದವು. ಮರುವಾರ ನಾನು ಬರುವ ಹೊತ್ತಿಗೆ ಅದು ಬಚ್ಚಲೊಲೆಯ ಪಕ್ಕದಲ್ಲಿ, ತಾನು ನಿತ್ಯ ಮಲಗುವ ಬೂದಿಯ ಬೆಚ್ಚನೆಯಲ್ಲಿ, ಒಸಡಿನಿಂದ ರಕ್ತ ಸೋರಿ ಸತ್ತಿತ್ತು. ಸಕಾಲದಲ್ಲಿ ಪಶುವೈದ್ಯರಲ್ಲಿಗೆ ಒಯ್ದಿದ್ದರೆ ಅದೇ ‘ಕೆ’ ಜೀವಸತ್ವ ಕೊಟ್ಟು ಉಳಿಸುವ ದಾರಿಯಿತ್ತೆಂದು ಆಮೇಲೆ ತಿಳಿಯಿತು. ಅಮ್ಮ ಬೈಯಲಿಲ್ಲ. ಹಲಸಿನ ಮರದ ಬುಡದಲ್ಲಿ ಅದನ್ನು ಹೂಳಿ, ಅದರ ಹಾಲಿನ ತಟ್ಟೆಯನ್ನು ತೊಳೆದು ಕವುಚಿಟ್ಟಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ತನ್ನ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಾಲದ ಕಥೆಯನ್ನು ತೆಗೆದಳು. ಆ ಪಿಡುಗು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟು, ಆಮೇಲೂ ಹಲವು ವರ್ಷ ಮೈಸೂರು ಸಂಸ್ಥಾನದ ಊರುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಇಲಿಯ ಮೈಮೇಲಿನ ಚಿಗಟಗಳಿಂದ ಮನುಷ್ಯರಿಗೆ ಹತ್ತುವ ರೋಗವದು. ಜಂತೆಯಿಂದ ಇಲಿಗಳು ಸತ್ತು ಬೀಳತೊಡಗಿದರೆ ಊರಿನವರು ಮನೆ ಬಿಟ್ಟು ಬಯಲಿನ ಗುಡಿಸಲು ಸೇರುತ್ತಿದ್ದರು. ಕಥೆ ಮುಗಿಸಿ ಅಮ್ಮ ಮಜ್ಜಿಗೆ ಬಡಿಸುತ್ತ, “ಆಗ ಇಲಿ ಸತ್ತದ್ದಕ್ಕೆ ಜನ ಮನೆ ಬಿಟ್ಟರು. ಈಗ ಜನ ಮನೆ ಬಿಟ್ಟದ್ದಕ್ಕೆ ಇಲಿ ಬಂದಿವೆ. ಅಟ್ಟ ಖಾಲಿ ಬಿದ್ದರೆ ಯಾರಾದರೂ ಒಕ್ಕಲು ಬರಲೇಬೇಕಲ್ಲ” ಎಂದಳು. ನನ್ನ ತುತ್ತು ಗಂಟಲಲ್ಲಿ ನಿಂತಿತು.

ಆಮೇಲೆ ನಾನು ನೋಡಿದ್ದು ಅಮ್ಮನ ಪಾದಗಳನ್ನು. ಬಿರುಕುಬಿಟ್ಟ ಹಿಮ್ಮಡಿ, ಬರಿಗಾಲಲ್ಲೇ ತೋಟದ ಕೆಸರಿಗೂ ಕೊಟ್ಟಿಗೆಯ ತೇವಕ್ಕೂ ಓಡಾಟ. ಇಲಿಯ ಮೂತ್ರ ಬೆರೆತ ನೀರು ಇಂತಹ ಬಿರುಕುಗಳಿಗೆ ತಗುಲಿದರೆ ಇಲಿಜ್ವರ ಬರಬಹುದು. ಅಲಕ್ಷಿಸಿದರೆ ಮೂತ್ರಪಿಂಡ, ಯಕೃತ್ತುಗಳಿಗೇ ಅಪಾಯ. ಮೈಕೈ ನೋವಿನ ಜ್ವರವೆಂದು ಅವಳೊಬ್ಬಳೇ ಕಷಾಯ ಕುಡಿದು ಮಲಗಿದರೆ “ಸ್ವಲ್ಪ ಜ್ವರ” ಎಂಬ ಮಾತನ್ನು ಗುಣಿಸುವವರು ಯಾರು? ಮರುದಿನವೇ ಮೊಳಕಾಲುದ್ದದ ರಬ್ಬರ್ ಬೂಟುಗಳನ್ನು ತಂದುಕೊಟ್ಟೆ. ಅಮ್ಮ ಅವನ್ನು ಭಕ್ತಿಯಿಂದ ಜಗಲಿಯ ಮೂಲೆಯಲ್ಲಿರಿಸಿದಳು. ಹದಿನೈದು ದಿನಗಳ ಮೇಲೆ ನೋಡಿದರೆ ಎಡಗಾಲಿನ ಬೂಟಿನಲ್ಲಿ ಒಂದು ಇಲಿ ಸಂಸಾರ ಹೂಡಿತ್ತು.

ಸಂಕ್ರಾಂತಿಗೆ ಅಣ್ಣನನ್ನೂ ಅತ್ತಿಗೆಯನ್ನೂ ಮಕ್ಕಳನ್ನೂ ಕರೆಸಿದೆ. ನಾಲ್ಕು ದಿನ ಎಲ್ಲರೂ ಸೇರಿ ಮನೆಯನ್ನು ಬುಡಮೇಲು ಮಾಡಿದೆವು. ಉಳಿದ ಬಿಲ್ಲೆಗಳನ್ನು ಮೊದಲು ಹೆಕ್ಕಿ ತೆಗೆದೆವು. ಹಿಕ್ಕೆಯ ಧೂಳು ಏಳದಂತೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಟ್ಟವನ್ನು ಒರೆಸಿದೆವು. ಭತ್ತ ತಗಡಿನ ಪೀಪಾಯಿ ಸೇರಿತು. ಸಣ್ಣ ಇಲಿಗೆ ಸೀಸದಕಡ್ಡಿ ತೂರುವಷ್ಟು ಕಂಡಿಯಿದ್ದರೂ ಸಾಕು. ಅಂಥವನ್ನೆಲ್ಲ ಹುಡುಕಿ ತಂತಿಬಲೆ ತುರುಕಿ ಸಿಮೆಂಟು ಮೆತ್ತಿದೆವು. ಮಾಡಿಗೆ ತಾಗಿದ್ದ ಹಲಸಿನ ಕೊಂಬೆ ಕಡಿದು, ಹುಲ್ಲಿನ ಬಣವೆಯನ್ನು ಗೋಡೆಯಿಂದ ದೂರ ಒಟ್ಟಿದೆವು. ಸುಟ್ಟ ಕೊಬ್ಬರಿಯ ಚೂರು ಸಿಕ್ಕಿಸಿದ ಬೋನುಗಳಲ್ಲಿ ಒಂದು ವಾರದಲ್ಲಿ ಬಿದ್ದವು ಇಪ್ಪತ್ತಮೂರು. ಆಚೆಮನೆಯವರು ಒಂದು ಬೆಕ್ಕಿನ ಮರಿ ಕೊಟ್ಟರು. ಕವುಚಿಟ್ಟಿದ್ದ ತಟ್ಟೆ ಮತ್ತೆ ನೆಟ್ಟಗಾಯಿತು. ಅಪ್ಪಯ್ಯನ ಉಳಿದ ದಿನಚರಿಗಳು ಈಗ ಗೋದ್ರೆಜ್ ಬೀರುವಿನಲ್ಲಿವೆ. ಹೋದ ಮೂರು ವರ್ಷಗಳು ಮಾತ್ರ ಹೋದವು.

ಅಟ್ಟದ ಕೋಣೆಗೆ ಸುಣ್ಣ ಹೊಡೆಸಿ ಎರಡು ಮಂಚ ಹಾಕಿದ್ದೇವೆ. ಹದಿನೈದು ದಿನಕ್ಕೊಮ್ಮೆ ನಾನಾಗಲಿ ಅಣ್ಣನಾಗಲಿ ಅಲ್ಲಿ ಮಲಗಬೇಕೆಂಬುದು ನಮ್ಮೊಳಗಿನ ಒಪ್ಪಂದ.

ಆದರೂ ಒಮ್ಮೊಮ್ಮೆ, ನನ್ನ ಸರದಿಗೆ ಇನ್ನೂ ಒಂದು ವಾರವಿರುವಾಗಲೇ, ದೂರವಾಣಿಯಲ್ಲಿ ಅಮ್ಮನ ಧ್ವನಿ ಕೇಳುತ್ತದೆ: “ಇಲಿ ಸ್ವಲ್ಪ ಹೆಚ್ಚಾದ ಹಾಗಿದೆ ಮಾರಾಯಾ.” ಬೆಕ್ಕಿನ ಮರಿ ಈಗ ಬಲಿತ ಬೇಟೆಗಾರ, ಬಣವೆಗೆ ಹೊಸದೊಂದು ಕೇರೆಯೂ ಬಂದಿದೆಯೆಂದು ಆಚೆಮನೆಯ ಹಿರಿಯರೇ ತಿಳಿಸಿದ್ದಾರೆ. ಇಲಿ ನಿಜವಾಗಿಯೂ ಹೆಚ್ಚಾಗಿವೆಯೇ ಎಂದು ನಾನು ವಿಚಾರಿಸಲು ಹೋಗುವುದಿಲ್ಲ. ಹತ್ತರಿಂದ ಗುಣಿಸಿ, ಬಸ್ಸು ಹತ್ತುತ್ತೇನೆ.