ಆಸ್ಪತ್ರೆಯ ಜಗಲಿ ಎಲ್ಲಿ ಹೋಯಿತು?

ಆಸ್ಪತ್ರೆ ಹೇಗಿದೆ ಎಂದು ಕೇಳಿದರೆ ನಾವು ವೈದ್ಯರ ಬಗ್ಗೆ ಹೇಳುತ್ತೇವೆ, ಬಿಲ್ಲಿನ ಬಗ್ಗೆ ಹೇಳುತ್ತೇವೆ. ಕಟ್ಟಡದ ಬಗ್ಗೆ ಹೇಳುವುದಿಲ್ಲ. ಆದರೆ ರೋಗಿ ಹಗಲು ರಾತ್ರಿ ಇರುವುದು ಆ ಕಟ್ಟಡದೊಳಗೆ.

ನಮ್ಮ ಕಡೆ ರೋಗಿ ಒಬ್ಬನೇ ಆಸ್ಪತ್ರೆ ಸೇರುವುದಿಲ್ಲ. ಜೊತೆಗೆ ಮನೆಯವರು ಇಬ್ಬರಾದರೂ ಇರುತ್ತಾರೆ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯದಿಂದ 80ಕ್ಕೂ ಹೆಚ್ಚು. ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಬರುವುದು ಆಗದ ಮಾತು. ಕೆಲವು ವರ್ಷಗಳ ಹಿಂದೆ ಉಮ್ಮನ ಜೊತೆ ನಾವು ಒಂದು ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಕಳೆದೆವು. ಮಳೆಗಾಲ ಬೇರೆ. ಬಟ್ಟೆ ಒಣಹಾಕಲು ಜಾಗವಿಲ್ಲ, ಗಂಜಿ ಬಿಸಿ ಮಾಡಲು ಜಾಗವಿಲ್ಲ, ಕಾಲು ಚಾಚಲೂ ಜಾಗವಿಲ್ಲ. ಮೆಟ್ಟಿಲಲ್ಲಿ ಒರಗಿದವರನ್ನು ಕಾವಲುಗಾರ ಎಬ್ಬಿಸುತ್ತಿದ್ದ. ಅವನದೇನೂ ತಪ್ಪಿಲ್ಲ. ಆ ಕಟ್ಟಡದ ನಕ್ಷೆಯಲ್ಲಿ ನಾವು ಇರಲೇ ಇಲ್ಲ.

ಹಿಂದೆ ಹೆಂಚಿನ ಮಾಡು, ಮುರಕಲ್ಲಿನ ಗೋಡೆ, ಉದ್ದನೆಯ ಜಗಲಿ ಇದ್ದವು. ಮಳೆ ಒಳಬರುತ್ತಿರಲಿಲ್ಲ, ಗಾಳಿ ಬರುತ್ತಿತ್ತು. ಈಗ ಮುಂಭಾಗಕ್ಕೆ ಗಾಜು, ಒಳಗೆ ಎಸಿ. ಕರೆಂಟು ಹೋದರೆ ಉಸಿರು ಕಟ್ಟುತ್ತದೆ. ಸೋಂಕು ತಡೆಯಲು ಸಹಜ ಗಾಳಿಯನ್ನು ಹೇಗೆ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅದರ ಬೆಲೆ ನಮಗೆ ತಿಳಿದದ್ದು 2020ರ ಕೊರೋನಾ ಬಂದ ಮೇಲೆ.

ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಗಿತ್ತು. ಮರಗಳಿಗೆ ನಮ್ಮಲ್ಲಿ ಬರವೇ? ಕಿಟಕಿಯನ್ನು ಆ ಕಡೆಗೆ ಇಟ್ಟರೆ ಸಾಕು.

ಇನ್ನೊಂದು ಮಾತು ನಮ್ಮ ನೆಲದ್ದೇ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಳಲಿದ ಮಕ್ಕಳು ಈ ತಾಲೂಕುಗಳಲ್ಲಿದ್ದಾರೆ. ಅವರಿಗಾಗಿ ಕಡಬದ ಕೊಯಿಲದಲ್ಲಿ ಪಾಲನಾ ಕೇಂದ್ರ ತೆರೆಯಬೇಕಾಯಿತು. ಇಪ್ಪತ್ತು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ಬರುವ ತಾಯಿಗೆ ಆಸ್ಪತ್ರೆಯ ಬಾಗಿಲಿನ ಐದು ಮೆಟ್ಟಿಲು ಐದು ಗುಡ್ಡವಿದ್ದಂತೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಹಲವೆಡೆ ಕಾಣುವುದು ಹೆಸರಿಗಷ್ಟೇ ಇರುವ ಕಡಿದಾದ ಸಿಮೆಂಟು ಜಾರುಬಂಡೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟ ಐದು ವರ್ಷದ ಗಡುವು ಎಂದೋ ಮುಗಿದಿದೆ.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕಿಲ್ಲ. ನಕ್ಷೆ ಕಾಗದದ ಮೇಲಿರುವಾಗಲೇ ಇಂಜಿನಿಯರ್ ಒಬ್ಬ ನರ್ಸನ್ನು, ನೆಲ ಒರೆಸುವಾಕೆಯನ್ನು, ಗಾಲಿಕುರ್ಚಿಯಲ್ಲಿ ಕುಳಿತವರನ್ನು, ರಾತ್ರಿ ಕಾವಲು ಕೂರುವ ಮನೆಯವರನ್ನು ಕೇಳಬೇಕು. ಗೋಡೆ ಎದ್ದ ಮೇಲೆ ಒಡೆಯುವುದಕ್ಕಿಂತ ಮೊದಲೇ ಒಂದು ಗೆರೆ ಅಳಿಸಿ ಬರೆಯುವುದು ಅಗ್ಗ. ನಮ್ಮ ಊರಿನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆಯಾದಾಗ ಚಪ್ಪಾಳೆ ತಟ್ಟುವ ನಾವು, ಅದಕ್ಕೂ ಮೊದಲು ನಕ್ಷೆ ತೋರಿಸಿ ಎಂದು ಕೇಳುವುದು ಯಾವಾಗ?