47 ಡಿಗ್ರಿ, ಒಂದು ನಿಮಿಷ

ಮೇ ತಿಂಗಳಲ್ಲಿ ನಾಚಾರಂನಲ್ಲಿ ಬಿಸಿಲಿನ ಮಾತಾಡದವರಿಲ್ಲ. ನನಗೆ ಮಾತ್ರ ಆ ವಾರ ಬಿಸಿ ಅನ್ನುವುದು ಬಾಯೊಳಗಿನ ಸಂಗತಿಯಾಗಿತ್ತು. ಎಡಗಡೆಯ ಕೆಳದವಡೆ ಹಲ್ಲು. ಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ರಿಲೀಸ್ ಮುಗಿಯಲಿ ಅಂತ ಮೂರು ತಿಂಗಳು ತಳ್ಳಿದೆ. ಆಮೇಲೆ ಆಟ ತಿರುಗಿಬಿತ್ತು. ಕಾಫಿ ತಾಗಿದರೆ ಕಿವಿಯವರೆಗೆ ಸೆಳೆತ, ತಣ್ಣೀರು ಮುಕ್ಕಳಿಸಿದರೆ ಹಾಯ್ ಅನ್ನಿಸುತ್ತಿತ್ತು. ರಾತ್ರಿ ಎರಡಕ್ಕೆ ಫ್ರಿಜ್ಜಿನ ನೀರನ್ನು ಬಾಯಲ್ಲಿ ಹಿಡಿದು ಕೂತಿರುತ್ತಿದ್ದೆ.

ಕ್ಲಿನಿಕ್ಕಿನಲ್ಲಿ 'ಪನ್ನು ನೊಪ್ಪಿ' ಎಂದೆ. ಎಂಥ ನೋವು ಎಂದು ಹೇಳಲು ನನ್ನ ತೆಲುಗು ಸಾಲಲಿಲ್ಲ. ಮುಷ್ಟಿ ಮುಚ್ಚಿ, ಬಿಚ್ಚಿ ತೋರಿಸಿದೆ. 'ಸಲುಪಾ?' ಅಂದರು ಡಾಕ್ಟರಮ್ಮ. ಬಿಸಿಗೆ ನೋವು, ತಣ್ಣನೆಯದಕ್ಕೆ ಹಿತ ಎಂದಾಗ ಅವರಿಗೆ ಅರ್ಥವಾಗಿಹೋಯಿತು. ಒಳಗಿನ ತಿರುಳು ಇನ್ನು ಚೇತರಿಸಿಕೊಳ್ಳುವ ಹಂತ ದಾಟಿದೆ, ರೂಟ್ ಕೆನಾಲೇ ಗತಿ ಎಂದರು.

ಕೊನೆಯ ಸಿಟ್ಟಿಂಗಿನಲ್ಲಿ ಅವರ ಕೈಯಲ್ಲಿ ಪೆನ್ನಿನಂಥ ಒಂದು ಸಾಧನ. ಬೇರಿನ ನಾಳಕ್ಕೆ ತುಂಬಿದ ಗಟ್ಟಾ ಪರ್ಚಾವನ್ನು ಕರಗಿಸಿ ಒತ್ತಲು. ಮಲಯಾ ಕಡೆಯ ಮರದ ಹಾಲಿನಿಂದ ಬರುವ ವಸ್ತು ಇದು. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಎಳೆದ ತಂತಿ ಕೇಬಲ್ಲಿಗೂ ಇದೇ ಹೊದಿಕೆ. ಎಷ್ಟು ಬಿಸಿ ಎಂದು ಕೇಳಿದೆ. 'ತುದಿ 200 ಡಿಗ್ರಿ' ಎಂದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಅವರು ನಕ್ಕು ವಿವರಿಸಿದರು. ಹಲ್ಲಿನ ದಂತದ್ರವ್ಯ ಬಿಸಿಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ದಾಟಿದಷ್ಟನ್ನು ಬೇರಿನ ಸುತ್ತಲಿನ ರಕ್ತ ಹೊತ್ತೊಯ್ಯುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಆದರೆ ಸೆಕೆಂಡು ಹೆಚ್ಚಾದರೆ ಸುತ್ತಲ ಮೂಳೆಗೇ ಪೆಟ್ಟು.

ಮನೆಗೆ ಬಂದು ಓದಿದೆ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲಿ ಮೊಲದ ಕಾಲಿನ ಮೂಳೆಯ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಗಡಿ: 47 ಡಿಗ್ರಿ, ಒಂದು ನಿಮಿಷ. ಅಂದರೆ ಮೈ ಬಿಸಿಗಿಂತ ಹತ್ತೇ ಡಿಗ್ರಿ ಹೆಚ್ಚು. ಜೀವಂತ ತಿರುಳು ಇನ್ನೂ ನಾಜೂಕು. 1965ರಲ್ಲಿ ಜ್ಯಾಕ್ ಮತ್ತು ಕೋಹೆನ್ ಕೋತಿಗಳ ಹಲ್ಲಿನ ತಿರುಳನ್ನು 5.5 ಡಿಗ್ರಿಯಷ್ಟು ಬಿಸಿ ಮಾಡಿದಾಗ ಶೇ. 15ರಷ್ಟು ತಿರುಳು ಚೇತರಿಸಿಕೊಳ್ಳಲೇ ಇಲ್ಲ. ಡ್ರಿಲ್ಲಿನ ಜೊತೆ ಸದಾ ನೀರು ಚಿಮ್ಮಿಸುವುದು ಅದಕ್ಕೇ.

ನನ್ನನ್ನು ಕಾಡಿದ್ದು ಬೇರೆ. ಕುರ್ಚಿಯಲ್ಲಿ ಒರಗಿದವನಿಗೆ ಆ ಬಿಸಿ ಗೊತ್ತಾಗುವುದಿಲ್ಲ. ಸುಡುತ್ತಿದೆ ಎಂದು ಕೂಗಬೇಕಾದ ತಿರುಳನ್ನು ತೆಗೆದಾಗಿದೆ, ಸುತ್ತಲ ದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗಿದೆ. ನನ್ನ ಪರವಾಗಿ ಎಣಿಸುವವರು ಡಾಕ್ಟರಮ್ಮ ಒಬ್ಬರೇ. ತುದಿಯನ್ನು ಇಳಿಸಿ, ಎಣಿಸಿ, ಎತ್ತಿ, ಮತ್ತೆ ತಣಿಯಲು ಬಿಟ್ಟರು. ನೋವೇ ಇಲ್ಲದ ಹೊತ್ತಿನಲ್ಲಿ ಅಷ್ಟೊಂದು ಜಾಗ್ರತೆ ಬೇಕು ಎಂದು ನನಗೆ ತಿಳಿದಿರಲಿಲ್ಲ. ಮೂರು ತಿಂಗಳು ಹಲ್ಲು ಕೂಗಿಕೊಂಡಾಗಲೇ ನಾನು ಕೇಳಿಸಿಕೊಂಡಿರಲಿಲ್ಲವಲ್ಲ.

ಆ ರಾತ್ರಿ ಹಾಸನಕ್ಕೆ ಫೋನ್ ಮಾಡಿದೆ. ಅಮ್ಮ ಎಂದಿನಂತೆ ಲವಂಗ, ಉಪ್ಪುನೀರು, ಅಜ್ಜಿ ಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಕೊಡುತ್ತಿದ್ದ ಹೊಗೆ, ಎಲ್ಲ ಹೇಳಿದರು. ಆಮೇಲೆ, 'ನನಗೂ ಬಲಗಡೆ ಒಂದು ಹಾಗೇ ಇದೆ. ಬಿಡು, ಕಾಫಿ ಆರಿಸಿಕೊಂಡು ಕುಡೀತೀನಿ' ಅಂದರು.

'ಎಷ್ಟು ದಿನದಿಂದ?'

'ಯುಗಾದಿಗೆ ನೀನು ಬಂದಿದ್ದೆಯಲ್ಲ, ಅದಕ್ಕೂ ಮುಂಚೆ.'

ಯುಗಾದಿಯ ದಿನ ಅಮ್ಮನ ಲೋಟದ ಕಾಫಿ ಕೆನೆಗಟ್ಟುತ್ತಿದ್ದುದನ್ನು ನೋಡಿದ್ದೆ. ಕೆಲಸದಲ್ಲಿ ಮರೆತಿದ್ದಾರೆ ಎಂದುಕೊಂಡಿದ್ದೆ. ಶುಕ್ರವಾರ ರಾತ್ರಿಯ ಬೆಂಗಳೂರು ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ.