ಲಾಂಚು ಹೋದ ಮೇಲೆ ಹಲ್ಲುನೋವು

ಹಲ್ಲುನೋವಿಗೆ ಹೊತ್ತುಗೊತ್ತಿಲ್ಲ ಅಂತಾರೆ. ಇಲ್ಲದೆ ಏನು? ಹಗಲೆಲ್ಲ ಸುಮ್ಮನಿದ್ದ ಹಲ್ಲು ದಿಂಬಿಗೆ ತಲೆ ಕೊಟ್ಟ ಕೂಡಲೇ ಕುಟ್ಟಲು ಶುರುಮಾಡುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುತ್ತದೆ, ಅದಕ್ಕೇ. ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರಿಸಿಕೊಂಡರೆ ಎಷ್ಟೋ ವಾಸಿ.

ತುಮರಿ ಕಡೆಯವರಿಗೆ ಈ ರಾತ್ರಿಗಳು ಚೆನ್ನಾಗಿ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿಕೊಂಡ ಮೇಲೆ, ಸಾಗರ ಪೇಟೆಗೆ ಹತ್ತಿರದ ದಾರಿಯೆಂದರೆ ಲಾಂಚೇ ಆಗಿತ್ತು. ಸಂಜೆಯ ಕೊನೇ ಲಾಂಚು ದಾಟಿತೋ, ಬೆಳಗಿನವರೆಗೆ ದವಡೆ ಹಿಡಿದು ಕೂರಬೇಕಿತ್ತು. 2025ರ ಜುಲೈ 14ರಂದು ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಅಷ್ಟರಮಟ್ಟಿಗೆ ಆ ಊರುಗಳ ಪುಣ್ಯ. ಆದರೆ ಹೊಸನಗರದ ನಿಟ್ಟೂರಿನ ಆಚೆ, ತೀರ್ಥಹಳ್ಳಿಯ ಆಗುಂಬೆಯ ಬದಿಯ ಒಂಟಿಮನೆಗಳಿಗೆ ಆಷಾಢದ ಮಳೆಯಲ್ಲಿ ಪೇಟೆ ಈಗಲೂ ದೂರವೇ.

ಹಾಗಾಗಿ ನಮ್ಮಲ್ಲಿ ಮನೆಮದ್ದಿಗೆ ಬರವಿಲ್ಲ. ಅಡಿಕೆ ಸುಲಿಯಲು ಕೂತ ರಾತ್ರಿ ಯಾರಾದರೂ ಕೆನ್ನೆ ಹಿಡಿದುಕೊಳ್ಳಲಿ, ಒಂದೊಂದು ಮೆಟ್ಟುಗತ್ತಿಯ ಹಿಂದಿನಿಂದಲೂ ಒಂದೊಂದು ಔಷಧಿ ಬರುತ್ತದೆ. "ಹುಳ ಆಗಿದೆ ಮಾರಾಯ, ಗುಳ್ಳದ ಬೀಜದ ಹೊಗೆ ಹಾಕು" ಅನ್ನುವವರುಂಟು. ಹಲ್ಲಲ್ಲಿ ಹುಳವೆಲ್ಲಿ ಬಂತು? ನಾವು ತಿಂದ ಸಿಹಿಯನ್ನು ಆಮ್ಲ ಮಾಡಿ ಹಲ್ಲು ಕೊರೆಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಆದರೆ ಅಜ್ಜಿಯರು ಗದ್ದೆ ಅಂಚಿನಿಂದ ಕಿತ್ತು ತರುವ, ಹಲ್ಲುನೋವಿನ ಗಿಡದ ಹಳದಿ ಗುಂಡುಹೂವಿನ ಮಾತು ಬೇರೆ. ಒಂದೇ ಒಂದು ಹೂ ಜಗಿದು ನೋಡಿ: ಮೊದಲು ನಾಲಿಗೆ ಜುಮ್ಮೆನ್ನುತ್ತದೆ, ಆಮೇಲೆ ಎಂಜಲು ಸುರಿಯುತ್ತದೆ, ಕೊನೆಗೆ ಆ ಜಾಗವೇ ಮರಗಟ್ಟುತ್ತದೆ. ಅದರಲ್ಲಿರುವ ಸ್ಪಿಲಾಂಥಾಲ್ ಎಂಬ ಅಂಶ ಮಾಡುವ ಕೆಲಸ ಅದು. ಲವಂಗವೂ ಹಾಗೆಯೇ. ದಂತವೈದ್ಯರ ಕೋಣೆಗೆ ಕಾಲಿಟ್ಟರೆ ಲವಂಗದ ವಾಸನೆ ಬರುತ್ತದಲ್ಲ? ತಾತ್ಕಾಲಿಕವಾಗಿ ಹಲ್ಲು ತುಂಬುವ ಸಿಮೆಂಟಿನಲ್ಲಿರುವುದೂ ಲವಂಗದ ಯೂಜೆನಾಲ್. ಲವಂಗದ ಎಣ್ಣೆಯ ಒಂದೇ ಹನಿಯನ್ನು ಹತ್ತಿಗೆ ಹಾಕಿ ಹಲ್ಲಿನ ತೂತಿಗಿಡಿ. ಒಸಡಿಗೆ ಸುರಿದರೆ ಸುಡುತ್ತದೆ, ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟರೂ ಅದೇ ಗತಿ.

ಅಂದಹಾಗೆ, ಬಿದ್ದ ಹಲ್ಲಿನ ವಿಷಯ ಹೇಳದೆ ಹೇಗೆ ಬಿಡಲಿ? ಹಾಲುಹಲ್ಲಾದರೆ ಚಿಂತೆಯಿಲ್ಲ, ಸಗಣಿಯುಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ನಮ್ಮ ಪದ್ಧತಿ ನಡೆಯಲಿ. ಶಾಶ್ವತ ಹಲ್ಲು ಏಟು ಬಿದ್ದು ಬುಡಸಹಿತ ಕಿತ್ತುಬಂದರೆ ಮಾತ್ರ ಎಸೆಯಬೇಡಿ. ಜಗಿಯುವ ತುದಿಯನ್ನಷ್ಟೇ ಹಿಡಿಯಿರಿ, ಬೇರು ಉಜ್ಜಬೇಡಿ, ಮಣ್ಣಾಗಿದ್ದರೆ ಮೆಲ್ಲಗೆ ತೊಳೆದು ಅದರ ಜಾಗಕ್ಕೇ ಕೂರಿಸಿ. ಆಗದಿದ್ದರೆ ತಣ್ಣನೆಯ ಹಾಲಲ್ಲಿ ಮುಳುಗಿಸಿ ಕೂಡಲೇ ದಂತವೈದ್ಯರಲ್ಲಿಗೆ ಹೊರಡಿ. ಅರ್ಧ ಗಂಟೆಯೊಳಗೆ ಕೂರಿಸಿದ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಮಲೆನಾಡಿನ ಕೊಟ್ಟಿಗೆಮನೆಯಲ್ಲಿ ಒಂದು ಲೋಟ ಹಾಲಿಗೆ ಯಾರನ್ನು ಕೇಳಬೇಕು?

ಇನ್ನು ನೋವಿನ ಮನೆಮದ್ದೆಲ್ಲ ಒಂದು ರಾತ್ರಿ ದೂಡುವುದಕ್ಕಷ್ಟೇ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲೋ ಎಂಜಲು ನುಂಗಲೋ ಕಷ್ಟವಾದರೆ "ಬೆಳಗಾಗಲಿ" ಎನ್ನಬೇಡಿ. ಕೀವು ಗಂಟಲಿಗಿಳಿದರೆ ಉಸಿರು ಕಟ್ಟುತ್ತದೆ. ಪಕ್ಕದ ಮನೆಯ ಜೀಪೋ, 108ರ ಆಂಬುಲೆನ್ಸೋ, ಸಿಕ್ಕಿದ್ದರಲ್ಲಿ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.